ದೂರದವರ ಬಟ್ಟಲು

"ಆ ಬಟ್ಟಲು ಮುಟ್ಟಬೇಡ ವೆತಾ!" ಅಗ್ಲಾಯಾ ನಾದಿನಿಯ ಕೈಯಿಂದ ಅದನ್ನು ಕಿತ್ತುಕೊಂಡಳು. ಬೇಯಿಸಿದ ಗೋಧಿಯ ಮೇಲಿದ್ದ ಸಕ್ಕರೆ ಪುಡಿ ಇಬ್ಬರ ಕಪ್ಪು ಬಟ್ಟೆಗೂ ಉದುರಿತು.

"ಎಲ್ಲರಿಗೂ ಕೊಟ್ಟಾಯ್ತಲ್ಲ ಅತ್ತಿಗೆ. ಇದ್ಯಾರಿಗೆ?"

"ಮೇಲೆ ಆಕಾಶದಲ್ಲಿ, ಬೇರೆ ನಕ್ಷತ್ರಗಳ ಕಡೆ ಇರೋರಿಗೆ. ನಿಮ್ಮಣ್ಣ ನನ್ನಿಂದ ಮಾತು ತಗೊಂಡೇ ಹೋದ್ರು."

"ಅಯ್ಯೋ ನಮ್ಮಣ್ಣನೇ! ಹಂಗಾದ್ರೆ ಗೋಪುರದ ಮೇಲೆ ಹತ್ತಿ ಕೂಗಿ ಕರೀಲಾ?"

ಚರ್ಚಿನ ಅಂಗಳದಲ್ಲಿ ಊಟಕ್ಕೆ ಕುಳಿತಿದ್ದವರೆಲ್ಲ ನಕ್ಕರು. ಅಗ್ಲಾಯಾಳ ಗಂಡ, ಬಾವಿ ತೋಡುವ ಪಾಮ್ಫಿಲನನ್ನು ಮಣ್ಣು ಮಾಡಿ ಇನ್ನೂ ಒಂದು ಗಂಟೆಯಾಗಿರಲಿಲ್ಲ. ಅಗ್ಲಾಯಾ ಮಾತ್ರ ನಗಲಿಲ್ಲ. ಸತ್ತವರ ಹೆಸರಿನಲ್ಲಿ ಕೊಟ್ಟದ್ದನ್ನು ಯಾರಾದರೂ ಕೈಯೊಡ್ಡಿ ತೆಗೆದುಕೊಂಡು, 'ದೇವರು ಮನ್ನಿಸಲಿ' ಎನ್ನಬೇಕು. ಅನ್ನದಿದ್ದರೆ ಅದು ಸತ್ತವರಿಗೆ ಮುಟ್ಟುವುದಿಲ್ಲ. ನಲವತ್ತೈದು ವರ್ಷದ ಸಂಸಾರದಲ್ಲಿ ಗಂಡ ಬಾಯಿಬಿಟ್ಟು ಕೇಳಿದ್ದು ಈ ಬಟ್ಟಲೊಂದನ್ನೇ.

* * *

ಮೂವತ್ತು ವರ್ಷಗಳ ಹಿಂದೆ ಊರೆಲ್ಲ ಪ್ರುತ್ ನದಿಯಿಂದ ನೀರು ಹೊರುತ್ತಿತ್ತು. ಇದೇ ಅಂಗಳದಲ್ಲಿ ಪಾಮ್ಫಿಲ್ ತೋಡುತ್ತಿದ್ದ ಗುಂಡಿಯೊಳಗೆ ಬಗ್ಗಿ ನೋಡಿ ಸೊಫ್ರೋನಿ ಪಾದ್ರಿಗಳು ಹೇಳಿದ್ದರು: "ಮೇಲೆ ಬಾರಯ್ಯ, ಇಲ್ಲಿ ನೀರಿಲ್ಲ. ಹಿಂದೆಯೂ ತೋಡಿಸಿ ನೋಡಿದ್ದಾರೆ."

"ಎಷ್ಟು ಆಳ?"

"ಹತ್ತು ಗಜ."

"ಹತ್ತು ಗಜದಲ್ಲಿ ಇಲ್ಲ ಅನ್ನಿ. ಇಲ್ಲವೇ ಇಲ್ಲ ಅನ್ನಬೇಡಿ."

ಹದಿನೆಂಟನೇ ಗಜಕ್ಕೆ ನೀರು ಬಂತು. ಅಂದಿನಿಂದ ಜಗಳ ನೆಲ ಬಿಟ್ಟು ಆಕಾಶಕ್ಕೆ ಏರಿತು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಅದೇ ಮಾತು.

"ಅಲ್ಲಿ ಯಾರೂ ಇಲ್ಲ ಪಾಮ್ಫಿಲ್."

"ಎಷ್ಟು ಗಜ ನೋಡಿದ್ದೀರಿ?"

"ಇದ್ದಿದ್ರೆ ಇಷ್ಟರಲ್ಲಿ ಬರ್ತಿರಲಿಲ್ಲವೇನಯ್ಯ?"

"ಬಾವಿ ನೀರು ತಾನಾಗಿ ನಿಮ್ಮ ಮನೆಗೆ ಬಂತಾ?"

* * *

"ಏನಮ್ಮಾ ಗಲಾಟೆ?" ಪಾದ್ರಿಗಳು ಗಡ್ಡಕ್ಕೆ ಅಂಟಿದ್ದ ರೊಟ್ಟಿಯ ಚೂರು ಒರೆಸಿಕೊಳ್ಳುತ್ತ ಬಂದರು. ಅಗ್ಲಾಯಾ ಹೇಳಿದಳು. ಅವರು ಬಾವಿಯ ಕಡೆ ನೋಡಿದರು, ಬಟ್ಟಲನ್ನು ನೋಡಿದರು.

"ಸತ್ತರೂ ನನ್ನನ್ನ ಬಿಡಲ್ಲ ಅಂತಾನಲ್ಲ ಇವನು! ಒಂದು ಸಲ ಇಲ್ಲ ಅಂದು ಸೋತಿದ್ದೀನಿ. ಕೊಡು ಇಲ್ಲಿ." ಎರಡೂ ಕೈ ಒಡ್ಡಿದರು. "ಅವರು ಬರೋವರೆಗೆ, ಅವರ ಪರವಾಗಿ ತಗೊಂಡಿದ್ದೀನಿ. ದೇವರು ಪಾಮ್ಫಿಲನನ್ನ ಮನ್ನಿಸಲಿ."

ಅಗ್ಲಾಯಾಳ ಕೈ ಹಗುರವಾಯಿತು.

"ಬರೋವರೆಗೆ ಅಂದ್ರಲ್ಲ!" ವೆತಾ ಬಿಡಲಿಲ್ಲ. "ಅಂದ್ರೆ ಇದಾರೆ ಅಂತ ಒಪ್ಪಿದ ಹಾಗೆ!"

"ಒಪ್ಪಿಲ್ಲ ಕಣಮ್ಮ. ಇನ್ನೂ ಅಗೀತಾ ಇದೀನಿ."

ಪಾದ್ರಿಗಳು ಬಟ್ಟಲನ್ನು ಬಾವಿಕಟ್ಟೆಯ ಮೇಲಿಟ್ಟು, ಪಕ್ಕದಲ್ಲಿ ಮೇಣದಬತ್ತಿ ಹಚ್ಚಿ, ಬಲಗಡೆ ಒಂದು ಚಮಚ ಇಟ್ಟರು.

"ಎಡಗೈಯವರಾಗಿದ್ರೆ?" ಅಗ್ಲಾಯಾ ಕೇಳಿದಳು. ಎಡಗಡೆಗೂ ಒಂದು ಬಂತು.

"ಕೈ ಎರಡೇ ಅಂತ ಯಾರು ಹೇಳಿದ್ದು?" ಎಂದು ವೆತಾ ಅಡುಗೆಕೋಣೆಗೆ ಓಡಿದಳು.

ಜನ ಮನೆಗೆ ಹೊರಡುವ ಹೊತ್ತಿಗೆ ಬಟ್ಟಲಿನ ಸುತ್ತ ಒಂಬತ್ತು ಚಮಚಗಳಿದ್ದವು. ಎಲ್ಲಕ್ಕಿಂತ ಚಿಕ್ಕದನ್ನು, ಮಗುವಿಗೆ ತಿನ್ನಿಸುವಂಥದ್ದನ್ನು, ಪಾದ್ರಿಗಳೇ ಮನೆಯಿಂದ ತಂದು ಇಟ್ಟಿದ್ದರು.