ಮನೆ ಕಾಯುವ ಮೊಟ್ಟೆ

ಪ್ರೆದೋಯೆ ಕಾವಿಗೆ ಕೂತ ಕೋಳಿಯ ಹೊಟ್ಟೆಯಡಿಗೇ ಕೈ ತೂರಿಸಿದ. ಕೋಳಿ ಕುಕ್ಕಿತು. ಅವನು ಬೈದುಕೊಳ್ಳುತ್ತಲೇ ಮೊಟ್ಟೆಗಳನ್ನು ಒಂದೊಂದಾಗಿ ಎತ್ತಿ, ಹೊಟ್ಟು ಹಾಸಿದ ಬುಟ್ಟಿಯಲ್ಲಿಟ್ಟ.

"ಅದರೊಳಗೆ ಮರಿ ಕಟ್ಟಿರ್ತದೆ ಕಣಣ್ಣ," ಅಂದಳು ದೋಬ್ರಾವಾ. "ಮರೀನೂ ಗಾರೆಗೆ ಹಾಕಿ ಅರೀತೀರಾ?"

"ನಾನೇನು ನಮ್ಮನೆ ಬಾಣಲೆಗೆ ಒಯ್ತಿದೀನಾ? ಕೋಟೆ ಒಡೇರ ಅಪ್ಪಣೆ. ಮೊಟ್ಟೆ ಬೆರೆಸಿದ ಗಾರೆ ಕಲ್ಲಿಗಿಂತ ಗಟ್ಟಿಯಂತೆ. ನಾಳೆ ಸುಲ್ತಾನನ ದಂಡು ಬಂದ್ರೆ ಆ ಗೋಡೆ ಹಿಂದೆ ಅವಿತುಕೊಳ್ಳೋರು ಯಾರು? ನಾವೇ ತಾನೆ?"

ಅವನು ಹೊರಗಿನವನಲ್ಲ. ದೋಬ್ರಾವಾಳ ಮಗಳು ವುಕಾಳ ಮೊದಲ ಕೂದಲು ಕತ್ತರಿಸಿ, ದೇವರೆದುರು ಅವಳಿಗೆ ಎರಡನೆಯ ತಂದೆಯಾದವನು. ದೋಬ್ರಾವಾ ಇಬ್ಬರು ಮಕ್ಕಳನ್ನು ಮಣ್ಣಿಗಿಟ್ಟ ಮೇಲೆ ಹುಟ್ಟಿದ ಕೂಸು ಅದು. ಸಾವು ಹೆದರಿ ದೂರವಿರಲಿ ಎಂದು ವುಕಾ ಅಂತ ತೋಳದ ಹೆಸರಿಟ್ಟಿದ್ದರು. ಬೆಟ್ಟದ ಮೇಲೆ ವ್ರಾನಿಗ್ರಾದ್ ಕೋಟೆ ಏಳತೊಡಗಿದಾಗಿನಿಂದ ಊರಿನ ಎತ್ತು, ಮರ, ಗಂಡಸರ ತೋಳು ಎಲ್ಲವೂ ಅಲ್ಲಿಗೇ ಹತ್ತುತ್ತಿದ್ದವು. ದೋಬ್ರಾವಾಳ ಗಂಡ ರಾಡಿಚ್ ಅಲ್ಲಿ ಕಲ್ಲು ಹೊತ್ತು ಬೆನ್ನು ಮುರಿದುಕೊಂಡು ಬಂದು ಒಲೆಯ ಬದಿಗೆ ಮಲಗಿದ್ದ.

"ಲೆಕ್ಕಕ್ಕೆ ಒಂದು ಕಮ್ಮಿ ಬಿತ್ತಲ್ಲ," ಎಂದು ಪ್ರೆದೋಯೆ ಸುತ್ತ ನೋಡಿದ. ಅವನ ಕಣ್ಣು ಮೂಲೆಯಲ್ಲಿದ್ದ ಸಂತನ ಪಟದ ಹತ್ತಿರ ನಿಂತಿತು. ಅಲ್ಲೊಂದು ಕೆಂಪು ಮೊಟ್ಟೆಯಿತ್ತು.

ಅವಳು ಅಡ್ಡ ನಿಂತಳು. "ಅದಕ್ಕೆ ಕೈ ಹಚ್ಚಬೇಡ. ಅದು ಮನೆ ಕಾಯೋದು."

ಈಸ್ಟರ್ ಕಳೆದು ವಾರವಾಗಿರಲಿಲ್ಲ. ಮಂಜಿಷ್ಠದ ಬೇರಿನ ಕೆಂಪು ನೀರಲ್ಲಿ ಮೊದಲು ಬೆಂದ ಮೊಟ್ಟೆ ಅದು. ಹಬ್ಬದ ಬೆಳಗ್ಗೆ ಅದನ್ನು ವುಕಾಳ ಕೆನ್ನೆಗೆ ಉಜ್ಜಿದ್ದಳು, ವರ್ಷವೆಲ್ಲ ಮುಖದಲ್ಲಿ ಕೆಂಪು ನಿಲ್ಲಲಿ ಎಂದು. ಮುಂದಿನ ಹಬ್ಬದವರೆಗೆ ಅದು ಅಲ್ಲೇ ಇರಬೇಕು. ತೀರಿಹೋದ ಇಬ್ಬರು ಮಕ್ಕಳ ಕಾಲದಲ್ಲಿ ಅದನ್ನಿಡುವುದು ತಪ್ಪಿಹೋಗಿತ್ತು. ಆ ಮಾತನ್ನು ಅವಳು ಯಾರಲ್ಲೂ ಆಡಿರಲಿಲ್ಲ.

"ಬೆಂದದ್ದು ಕಣಣ್ಣ ಅದು! ಗಾರೆಗೆ ಏನಕ್ಕಾಗ್ತದೆ?"

"ಎಣಿಸ್ಕೊಳ್ಳೋನು ಬೆಂದದ್ದೋ ಹಸೀದೋ ಕೇಳಲ್ಲ. ಕಮ್ಮಿ ಬಿದ್ರೆ ಬಾರುಕೋಲು ನನ್ನ ಬೆನ್ನಿಗೆ."

"ಕೊಟ್ಟುಬಿಡೇ," ಅಂದ ರಾಡಿಚ್, ಒಲೆಯ ಕಡೆಯಿಂದ. "ನಾನು ನನ್ನ ಬೆನ್ನೇ ಕೊಟ್ಟಿದೀನಿ."

ಪ್ರೆದೋಯೆ ಕೆಂಪು ಮೊಟ್ಟೆಯನ್ನೂ ಎತ್ತಿಟ್ಟುಕೊಂಡು ಬುಟ್ಟಿ ಹೊತ್ತು ಹೊರಟ. ದೋಬ್ರಾವಾ ಬರಿಗೂಡಿನಲ್ಲಿ ಕೂತಿದ್ದ ಕೋಳಿಯನ್ನು ಕಂಕುಳಲ್ಲಿ ಅಮುಕಿಕೊಂಡು ಅವನ ಹಿಂದೆಯೇ ಬೆಟ್ಟ ಹತ್ತಿದಳು.

ಸುಣ್ಣದ ಗುಂಡಿಯ ಬಳಿ ಮೇಸ್ತ್ರಿ ನಗುತ್ತಲೇ ಕೋಳಿ ಇಸಿದುಕೊಂಡ. "ಒಂದು ಮೊಟ್ಟೆಗೆ ಒಂದು ಕೋಳಿ! ದಿನಾ ಬಾರಮ್ಮ." ಬುಟ್ಟಿಯಲ್ಲಿ ಕೈಯಾಡಿಸಿ ಕೆಂಪು ಮೊಟ್ಟೆ ಎತ್ತಿ, ಅವಳು ಕೈ ಚಾಚುವ ಮೊದಲೇ ತೊಟ್ಟಿಯ ಅಂಚಿಗೆ ಕುಟ್ಟಿದ. ಅದು ಹರಿಯಲಿಲ್ಲ. "ಅಯ್ಯೋ, ಇದು ಗೋಡೆಗಲ್ಲ, ನನಗೇ ಕಳಿಸಿದ್ದು," ಎಂದು ಸಿಪ್ಪೆ ಸುಲಿದು ಬಾಯಿಗೆ ಹಾಕಿಕೊಂಡ. ಸುತ್ತಲಿದ್ದವರೆಲ್ಲ ನಕ್ಕರು. ಪ್ರೆದೋಯೆಯೂ ನಕ್ಕ. ಬಿಳಿ ಸುಣ್ಣದ ಮೇಲೆ ಬಿದ್ದ ಕೆಂಪು ಸಿಪ್ಪೆಯನ್ನು ಸಲಿಕೆಯವನು ಗಾರೆಯೊಳಗೆ ಮಗುಚಿದ.

ವುಕಾ ಬದುಕಿದಳು. ರಾಡಿಚ್ ಉಳಿಯಲಿಲ್ಲ. ಮುಂದಿನ ಪ್ರತಿ ಹಬ್ಬಕ್ಕೂ ದೋಬ್ರಾವಾ ಎಲ್ಲಿಂದಾದರೂ ಒಂದು ಮೊಟ್ಟೆ ಬೇಡಿ ತಂದು, ಕೆಂಪು ಮಾಡಿ, ಮಗಳ ಕೆನ್ನೆಗೆ ಉಜ್ಜಿದಳು. ಹುಡುಗಿ ದೊಡ್ಡವಳಾದಂತೆ ಮುಖಕ್ಕೆ ಎಂಥ ಬಣ್ಣ ಬಂತೆಂದರೆ, ಬಾವಿಕಟ್ಟೆಯ ಹೆಂಗಸರು "ಯಾರ ರಕ್ತ ಕುಡಿದ್ಯೇ ತೋಳದ ಮರಿ?" ಎಂದು ಛೇಡಿಸುತ್ತಿದ್ದರು.

ಕೊನೆಗೆ ಸುಲ್ತಾನನ ದಂಡು ಬಂದಿತು. ಊರಿಗೆ ಊರೇ ಬೆಟ್ಟ ಹತ್ತಿ ಕೋಟೆ ಸೇರಿತು. ಗೋಡೆಗೆ ಒಂದು ಗುಂಡಿನ ಏಟೂ ಬೀಳಲಿಲ್ಲ. ಒಂದು ಬೆಳಗ್ಗೆ ಎದ್ದು ನೋಡಿದರೆ ಹೆಬ್ಬಾಗಿಲು ತೆರೆದಿತ್ತು.

"ಒಡೇರು ಕೀಲಿಕೈ ಕೊಟ್ಟುಬಿಟ್ರಂತೆ," ಅಂದ ಪ್ರೆದೋಯೆ. ಅವನ ಕೂದಲು ನೆರೆತಿತ್ತು. "ಅವರ ಮನೆಮಂದಿಗೆ, ಬೆಳ್ಳಿ ಪೆಟ್ಟಿಗೆಗಳಿಗೆ ದಾರಿ ಬಿಡಿಸ್ಕೊಂಡು ರಾತ್ರಿನೇ ಹೋದ್ರಂತೆ."

"ನಮಗೆ?" ಅಂದಳು ದೋಬ್ರಾವಾ.

"ನಮ್ಮ ಮಾತು ಬರಲೇ ಇಲ್ವಂತೆ."

ಸುಲ್ತಾನನ ಸಿಪಾಯಿಗಳು ಎಲ್ಲರನ್ನೂ ಗೋಡೆಯ ಪಕ್ಕ ಸಾಲಾಗಿ ನಿಲ್ಲಿಸಿ ಬಾಗಿಲ ಕಡೆಗೆ ನಡೆಸುತ್ತಿದ್ದರು. ಬಾಗಿಲಲ್ಲಿದ್ದ ಸಿಪಾಯಿ ಹುಡುಗಿಯರ ಗದ್ದ ಹಿಡಿದೆತ್ತಿ ಮುಖ ನೋಡುತ್ತಿದ್ದ. ಕಳೆಗುಂದಿದವರನ್ನು ಹೊರಕ್ಕೆ ದೂಡಿ ಬಿಟ್ಟುಬಿಡುತ್ತಿದ್ದ. ಮುಖದಲ್ಲಿ ಕೆಂಪು ತುಂಬಿಕೊಂಡವರನ್ನು ಸೆರೆ ಒಯ್ಯುವ ಬಂಡಿಗಳ ಕಡೆಗೆ ತಿರುಗಿಸುತ್ತಿದ್ದ.

ದೋಬ್ರಾವಾ ಮಗಳ ಕೆನ್ನೆ ನೋಡಿದಳು. ಕಾಲಡಿಗೆ ಮಳೆ ತೊಳೆದ ಚಪ್ಪಡಿ. ಬಳಿಯಲು ಹಿಡಿ ಮಣ್ಣಿಲ್ಲ. ಅವಳು ಗೋಡೆಗೆ ತಿರುಗಿ, ಎರಡು ಕಲ್ಲುಗಳ ನಡುವಿನ ಗಾರೆಯನ್ನು ಉಗುರಿನಿಂದ ಕೆರೆದಳು. ಒಂದು ಚಿಟಿಕೆ ಸುಣ್ಣ ಸಿಕ್ಕಿದ್ದರೂ ಸಾಕಿತ್ತು, ಆ ಬಣ್ಣ ಮುಚ್ಚಲು. ಗಾರೆ ಒಂದು ಕಣವನ್ನೂ ಬಿಡಲಿಲ್ಲ. ಸಾಲು ಸರಿದಂತೆಲ್ಲ ಅವಳು ಹೊಸ ಸಂದು ಹುಡುಕಿ ಕೆರೆಯುತ್ತ ಹೋದಳು.

"ಸಾಕು ಬಿಡವ್ವ," ಅಂದಳು ವುಕಾ. "ಕೈ ನೋಡ್ಕೋ."

ದೋಬ್ರಾವಾ ನೋಡಿಕೊಳ್ಳಲಿಲ್ಲ. ಎರಡೂ ಕೈಯಲ್ಲಿ ಮಗಳ ಮುಖ ಹಿಡಿದು, ಹಬ್ಬದ ಬೆಳಗ್ಗೆ ಉಜ್ಜುತ್ತಿದ್ದಂತೆಯೇ ಉಜ್ಜಿದಳು. ಹರಿದ ಉಗುರಿನಿಂದ ಇಳಿಯುತ್ತಿದ್ದ ರಕ್ತ ಕೆನ್ನೆಯ ತುಂಬ ಕೆಂಪಾಗಿ ಹರಡಿತು. ಸಾಲು ಇನ್ನೊಂದು ಹೆಜ್ಜೆ ಮುಂದೆ ಸರಿಯಿತು.