ಕುದಿಸಿ ಆರಿಸಿದ ನೀರು

ಇಂದುಮತಿ ಕೊಚ್ಚಿಗೆ ಬಂದು ವರ್ಷಗಳೇ ಕಳೆದಿದ್ದರೂ ಮಲಯಾಳ ಓದಲು ಕಲಿತದ್ದು ಬಸ್ಸಿನ ಬೋರ್ಡುಗಳಿಂದ. ಅಷ್ಟು ವಿದ್ಯೆಯಿಂದಲೇ ಅವಳು ಕನ್ನಡ ಸಂಘದ ವಾಟ್ಸಾಪ್ ಗುಂಪಿನ ಪಂಡಿತೆಯಾಗಿದ್ದಳು. ಯಾವ ರಸ್ತೆ ಬಂದ್, ಎಲ್ಲಿ ಕರೆಂಟಿಲ್ಲ, ನೀರು ಯಾವಾಗ ನಿಲ್ಲುತ್ತದೆ ಎಂಬ ನಗರದ ಪ್ರಕಟಣೆಗಳನ್ನೆಲ್ಲ ನಾಲ್ಕು ಸಾಲಿನ ಕನ್ನಡಕ್ಕೆ ಇಳಿಸಿ ಹಾಕುತ್ತಿದ್ದಳು. ಮರುಕ್ಷಣವೇ ಕೈಮುಗಿಯುವ ಚಿತ್ರಗಳು ಸಾಲುಗಟ್ಟಿ ಬರುತ್ತಿದ್ದವು. ಆ ಕೈಗಳನ್ನು ನೋಡಿ ಇಂದುಮತಿ ಸ್ವಲ್ಪ ಉಬ್ಬುತ್ತಿದ್ದದ್ದೂ ನಿಜ. ಅವಳು ಕೆಲಸ ಮಾಡುವ ಬ್ಯಾಂಕಿನಲ್ಲಿ ಅಷ್ಟು ಕೈಮುಗಿಯುವವರು ಯಾರಿದ್ದಾರೆ?

ಒಂದು ಸಾಲನ್ನು ಮಾತ್ರ ಅವಳು ಎಂದೂ ಬರೆಯುತ್ತಿರಲಿಲ್ಲ. ನೀರಿನ ವಿಷಯದ ಪ್ರತಿ ಪ್ರಕಟಣೆಯ ಬಾಲದಲ್ಲೂ ‘ಕುದಿಸಿ ಆರಿಸಿದ ನೀರನ್ನೇ ಕುಡಿಯಿರಿ’ ಎಂದಿರುತ್ತಿತ್ತು. ಕೇರಳದ ಮನೆಗಳಲ್ಲಿ ಅದು ಹೇಳಿಸಿಕೊಳ್ಳುವ ಮಾತೇ ಅಲ್ಲ. ಪದಿಮುಗಂ ಎಂಬ ಮರದ ಚಕ್ಕೆ ಹಾಕಿ ಕುದಿಸಿದ ಗುಲಾಬಿ ಬಣ್ಣದ ನೀರು ಪ್ರತಿ ಊಟದ ಮೇಜಿನ ಮೇಲೂ ಇರುತ್ತದೆ. ‘ಈ ಜನಕ್ಕೆ ಗಂಗಾಜಲ ಕೊಟ್ಟರೂ ಒಲೆಯ ಮೇಲಿಟ್ಟೇ ಕುಡಿಯುತ್ತಾರೆ’ ಎಂದು ಅವಳು ನಗುತ್ತಿದ್ದಳು. ಮಂಗಳ ಹಾಡಿದೊಡನೆ ಭಜನೆಯಿಂದ ಎದ್ದುಬರುವವರ ಹಾಗೆ, ಕುದಿಸುವ ಮಾತು ಕಣ್ಣಿಗೆ ಬಿದ್ದೊಡನೆ ಓದು ನಿಲ್ಲಿಸುತ್ತಿದ್ದಳು.

ರಾಮನವಮಿಯ ಹಿಂದಿನ ದಿನವೂ ಹಾಗೆಯೇ ಆಗಿತ್ತು. ಎಡಪ್ಪಳ್ಳಿಯ ಹತ್ತಿರ ಸಂಘದ ಸಭಾಂಗಣವಿರುವ ಬೀದಿಯನ್ನು ಚರಂಡಿ ಕೆಲಸಕ್ಕೆ ಅಗೆದಿದ್ದರು. ‘ರಸ್ತೆ ಬಂದ್, ಸಂಜೆಯವರೆಗೆ ನೀರಿಲ್ಲ, ಆಮೇಲೆ ಬರುತ್ತದೆ, ಟ್ಯಾಂಕ್ ತುಂಬಿಸಿಕೊಳ್ಳಿ’ ಎಂದು ಅವಳು ಬರೆದಳು. ಸಂಘದ ಅಧ್ಯಕ್ಷ ಜನಾರ್ದನರಾಯರು ಅವಳ ಮಾತನ್ನು ಶಿರಸಾವಹಿಸಿ ಸಭಾಂಗಣದ ಟ್ಯಾಂಕನ್ನು ತುಂಬಿಸಿಟ್ಟರು. ಮರುದಿನ ಅಲ್ಲೇ ಹಬ್ಬದ ಪೂಜೆ, ಪಾನಕ.

ಕೇರಳದಲ್ಲಿ ರಾಮನವಮಿಗೆ ಬ್ಯಾಂಕಿಗೆ ರಜೆಯಿಲ್ಲ. ಇಂದುಮತಿ ಅರ್ಧ ದಿನದ ರಜೆ ಹಾಕಿ, ಮಧ್ಯಾಹ್ನ ಪೂಜೆಗೆ ಹೋಗುವವಳಿದ್ದಳು. ಮಗಳು ಮಹತಿ ತಿರುವನಂತಪುರದಿಂದ ಬಂದಿದ್ದಳು. ಅವಳ ಗಂಡನಿಗೆ ಅಲ್ಲಿ ರಾಕೆಟ್ ಸಂಸ್ಥೆಯಲ್ಲಿ ಕೆಲಸ, ಅವಳಿಗೆ ಈಗ ಏಳು ತಿಂಗಳು. ಕೊಚ್ಚಿಯಲ್ಲೇ ಬೆಳೆದ ಹುಡುಗಿಗೆ ಕನ್ನಡ ಪೂರ್ತಿ ಅರ್ಥವಾಗುತ್ತಿತ್ತು, ಉತ್ತರ ಮಾತ್ರ ಮಲಯಾಳದಲ್ಲೇ. ಅವಳ ಬಾಯಲ್ಲಿ ಶುದ್ಧ ಕನ್ನಡ ಬರುತ್ತಿದ್ದುದು ಒಂದೇ ಸಂದರ್ಭದಲ್ಲಿ. ಹೂದಾನಿ ಒಡೆದಾಗ, ಗಣಿತದಲ್ಲಿ ಅಂಕ ಹೋದಾಗ, ಹೀಗೆ ಅಮ್ಮನಿಗೆ ಸುಳ್ಳು ಹೇಳಿ ಸಮಾಧಾನ ಮಾಡಬೇಕಾದಾಗ ‘ನಾನಲ್ಲಮ್ಮ’, ‘ಇಲ್ಲಮ್ಮ’ ಎಂದು ಮುದ್ದಾಗಿ ಹೇಳುತ್ತಿದ್ದಳು. ಅದು ಸುಳ್ಳೆಂದು ತಾಯಿಗೆ ಅಲ್ಲೇ ಗೊತ್ತಾಗುತ್ತಿತ್ತು.

ಬೆಳಿಗ್ಗೆ ಇಬ್ಬರಿಗೂ ಸಣ್ಣ ಜಗಳವಾಗಿತ್ತು.

“ಅಮ್ಮಾ, ಪಚ್ಚವೆಳ್ಳಂ ಞಾನ್ ಕುಡಿಕ್ಕಿಲ್ಲ” ಎಂದಿದ್ದಳು ಮಹತಿ. ಹಸಿ ನೀರಿನ ಪಾನಕ ತನಗೆ ಬೇಡವೆಂದು.

“ವರ್ಷಕ್ಕೊಂದು ದಿನ ದೇವರ ಪಾನಕ ಕಣೇ! ಎಲ್ಲರ ಮುಂದೆ ಬೇಡ ಅಂದ್ರೆ ನನ್ನ ಮರ್ಯಾದೆ ಏನಾಗ್ಬೇಕು? ಇವತ್ತಾದ್ರೂ ನಮ್ಮವಳಾಗಿರು.”

ಮಹತಿ ನಕ್ಕು ತಲೆಯಾಡಿಸಿದ್ದಳು. ಇಂದುಮತಿ ಬಿಡದೆ ಕೈಮೇಲೆ ಕೈ ಇಡಿಸಿಕೊಂಡು ಕುಡಿಯುವೆನೆಂಬ ಮಾತು ತೆಗೆದುಕೊಂಡು, ಅವಳನ್ನು ಸಭಾಂಗಣಕ್ಕೆ ಮೊದಲೇ ಕಳಿಸಿ ತಾನು ಬ್ಯಾಂಕಿಗೆ ಬಂದಿದ್ದಳು.

ಹನ್ನೊಂದೂವರೆಯ ಹೊತ್ತಿಗೆ ಬ್ಯಾಂಕಿನಲ್ಲಿ ಅವಳನ್ನು ಅಕ್ಕನೆಂದೇ ಕರೆಯುವ ನಿಶಾ ಫೋನು ಹಿಡಿದು ಪಕ್ಕಕ್ಕೆ ಬಂದಳು. “ಚೇಚಿ, ನಿಮ್ಮ ಸಂಘ ಇರೋದು ಆ ಬೀದೀಲೇ ಅಲ್ವಾ?” ಎಂದು ಮಲಯಾಳದಲ್ಲಿ ಕೇಳಿದಳು. “ನಿನ್ನೆ ಅಗೆಯುವಾಗ ನೀರಿನ ಪೈಪು, ಚರಂಡಿ ಎರಡೂ ಒಡೆದಿದೆಯಂತೆ. ಈಗ ಮತ್ತೆ ಎಚ್ಚರಿಕೆ ಕೊಟ್ಟಿದಾರೆ. ಅಲ್ಲಿ ಮೊದಲೇ ಕಾಮಾಲೆ ಶುರುವಾಗಿದೆ, ಮಂಜಪ್ಪಿತ್ತಂ.”

“ನಿನ್ನೆ ಹೀಗಂತ ಹೇಳಿರಲಿಲ್ಲ.”

“ಹೇಳಿದ್ರು ಚೇಚಿ. ಕೊನೇಲಿ ನೋಡಿ.”

ಇಂದುಮತಿ ನಿನ್ನೆಯ ಪ್ರಕಟಣೆಯನ್ನು ತೆರೆದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ಕುದಿಸುವ ಮಾತಿತ್ತು. ಅದರಾಚೆಗೆ, ಅವಳು ಎಂದೂ ಹೋಗದ ಜಾಗದಲ್ಲಿ, ಕಾರಣವೂ ಇತ್ತು. ಬಸುರಿಯರಿಗೆ ನೀರಿನಿಂದ ಕಾಮಾಲೆ ಬಂದರೆ ತಾಯಿ ಮಗು ಇಬ್ಬರಿಗೂ ಅಪಾಯವೆಂದು ಡಾಕ್ಟರು ಹೋದ ವಾರವಷ್ಟೇ ಮಹತಿಗೆ ಹೇಳಿದ್ದರು. ಆ ಮಾತು ಈಗ ಅಕ್ಷರ ಬಿಡದೆ ನೆನಪಾಯಿತು.

ಮಹತಿಗೆ ಫೋನು ಮಾಡಿದಳು. ರಿಂಗಾಯಿತು, ಎತ್ತಲಿಲ್ಲ. ಜನಾರ್ದನರಾಯರದೂ ಎತ್ತಲಿಲ್ಲ. ಎತ್ತುವುದಾದರೂ ಹೇಗೆ? ಪೂಜೆಯ ಹೊತ್ತಿಗೆ ಎಲ್ಲರ ಫೋನೂ ಬಾಗಿಲ ಬಳಿಯ ಬುಟ್ಟಿಗೆ ಬೀಳಬೇಕೆಂಬುದು ರಾಯರ ಕಟ್ಟಪ್ಪಣೆ. ತನ್ನ ಗಂಡ ಅಚ್ಯುತ ಅಂಬಲಮುಗಳ್‌ನ ರಿಫೈನರಿಯ ಒಳಗಿದ್ದ, ಅಲ್ಲಿಯೂ ಫೋನು ಗೇಟಿನಲ್ಲೇ. ಗುಂಪಿಗೆ ‘ಪಾನಕ ಕುಡಿಯಬೇಡಿ’ ಎಂದು ಬರೆದಳು. ಯಾರೂ ನೋಡಲಿಲ್ಲ. ಕೈಮುಗಿಯುವ ಒಂದು ಕೈಯೂ ಬರಲಿಲ್ಲ.

ಬೀದಿಗೆ ಓಡಿ ಆಟೋ ಹಿಡಿದಳು. ಆಲ್ವಿನ್ ಎಂಬ ಆ ಡ್ರೈವರು ಎರಡು ತಿರುವು ದಾಟಿಸಿ ಬ್ರೇಕು ಹಾಕಿದ.

“ಚೇಚಿ, ಮುಂದೆ ಬ್ಲಾಕ್. ಸುತ್ತಿಕೊಂಡು ಹೋಗಬೇಕು, ಅಲ್ಲೂ ಮಾಲ್‌ನ ಜಾಮ್ ಇದೆ.”

ರಸ್ತೆ ಬಂದ್ ಎಂದು ಊರಿಗೆಲ್ಲ ಸಾರಿದವಳು ಅವಳೇ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಅಜ್ಜಿಯ ಗಾದೆ ಈಗ ಕಪಾಳಕ್ಕೆ ಬಾರಿಸಿದಂತಾಯಿತು. ದುಡ್ಡನ್ನು ಸೀಟಿನ ಮೇಲಿಟ್ಟು ಇಳಿದು ನಡೆದಳು, ಆಮೇಲೆ ಓಡಿದಳು. ಚಪ್ಪಲಿಯೊಂದು ಕೆಸರಿನಲ್ಲಿ ಕಚ್ಚಿಕೊಂಡಿತು. ಅದನ್ನು ಅಲ್ಲೇ ಬಿಟ್ಟಳು.

ಅಗೆದ ಹೊಂಡದ ಮೇಲೆ ಹಲಗೆ ಹಾಕಿದ್ದರು. ದಾಟುವಾಗ ಕೆಳಗೆ ನೋಡಬಾರದೆಂದುಕೊಂಡೂ ನೋಡಿದಳು. ಕಪ್ಪು ನೀರು ನಿಂತಿತ್ತು. ಅದರೊಳಗೆ ನಲ್ಲಿಯ ಪೈಪು ಮುಳುಗಿತ್ತು, ಒಡೆದ ಕಡೆ ಸೈಕಲ್ ಟ್ಯೂಬು ಬಿಗಿದಿದ್ದರು. ನಿನ್ನೆ ಸಂಜೆ ಈ ನೀರೇ ಸಭಾಂಗಣದ ಟ್ಯಾಂಕಿಗೆ ಹತ್ತಿದೆ. ಪಾನಕಕ್ಕೆ ಕುದಿಸಿದ ನೀರನ್ನು ಯಾರು ಹಾಕುತ್ತಾರೆ? ಮಡಿಯಲ್ಲಿ ಹಿಡಿದದ್ದು, ನಲ್ಲಿಯಿಂದ ನೇರ ಕೊಳಗಕ್ಕೆ. ಬೆಲ್ಲ, ನಿಂಬೆ, ಏಲಕ್ಕಿ ಬಿದ್ದ ಮೇಲೆ ಯಾವ ವಾಸನೆ ತಾನೇ ಮೂಗಿಗೆ ಹತ್ತುತ್ತದೆ? ರಾಮಾ, ಅವಳು ಕುಡಿದಿರಬಾರದು, ಅವಳೊಬ್ಬಳು ಕುಡಿದಿರಬಾರದು. ಉಳಿದವರ ನೆನಪು ಆ ಗಳಿಗೆಯಲ್ಲಿ ಅವಳಿಗೆ ಬರಲಿಲ್ಲ, ಸುಳ್ಳೇಕೆ.

ಸಭಾಂಗಣದ ಮೆಟ್ಟಿಲಲ್ಲಿ ಮಂಗಳಾರತಿಯ ಕರ್ಪೂರ ಇನ್ನೂ ಘಮ್ಮೆನ್ನುತ್ತಿತ್ತು. ಒಳಗೆ ಸಾಲು ನಿಂತಿತ್ತು. ಜನಾರ್ದನರಾಯರು ಹಿತ್ತಾಳೆಯ ಕೊಳಗದಿಂದ ಸೌಟಿನಲ್ಲಿ ಲೋಟಗಳಿಗೆ ತುಂಬುತ್ತಿದ್ದರು.

“ಕುಡೀಬೇಡಿ! ಯಾರೂ ಕುಡೀಬೇಡಿ!”

ಒಂದೇ ಚಪ್ಪಲಿಯಲ್ಲಿ, ಸೀರೆಯ ಅಂಚೆಲ್ಲ ಕೆಸರು ಮಾಡಿಕೊಂಡು ನಿಂತವಳನ್ನು ಎಲ್ಲರೂ ನೋಡಿದರು. ರಾಯರು ಹುಬ್ಬು ಗಂಟಿಕ್ಕಿದರು. “ಏನಮ್ಮ ಇದು? ದೇವರ ಪ್ರಸಾದ. ಚಪ್ಪಲಿ ಹಾಕ್ಕೊಂಡು ಒಳಗ್ಬಂದಿದೀರಲ್ಲ!”

ಬಿಡಿಸಿ ಹೇಳಲು ಉಸಿರಿರಲಿಲ್ಲ. ಇಂದುಮತಿ ನೇರ ಹೋಗಿ ಕೊಳಗವನ್ನು ಎರಡೂ ಕೈಯಲ್ಲಿ ದೂಡಿಬಿಟ್ಟಳು. ಪಾನಕ ರಂಗೋಲಿಯ ಮೇಲೆ ಹರಿಯಿತು. ಯಾರೋ “ಅಯ್ಯೋ, ಅಪಚಾರ” ಎಂದರು.

“ನೀರಿಗೆ ಚರಂಡಿ ಸೇರಿದೆ. ನಿನ್ನೇನೇ ಹೇಳಿದ್ರು. ನಾನು ಆ ಸಾಲು ಓದ್ಲಿಲ್ಲ, ನಿಮಗೂ ಬರೀಲಿಲ್ಲ. ತಪ್ಪು ನಂದು.”

ಲೋಟಗಳು ಒಂದೊಂದಾಗಿ ಕೆಳಗಿಳಿದವು, ಕೆಲವು ತುಂಬಿದ್ದವು, ಕೆಲವು ಖಾಲಿ. ರಾಯರು ಸೌಟನ್ನು ಹಿಡಿದೇ ಕುರ್ಚಿಗೆ ಕುಸಿದರು. “ನೀವು ಬರೀತೀರಿ ಅಂತ ನಾವ್ಯಾರೂ ನೋಡೋದೇ ಬಿಟ್ಟಿದ್ವಲ್ಲಮ್ಮ” ಎಂದರು. ಬೈದಿದ್ದರೆ ಎಷ್ಟೋ ಹಿತವಾಗಿರುತ್ತಿತ್ತು.

ಇಂದುಮತಿಯ ಕಣ್ಣು ಸಾಲಿನಲ್ಲಿ ಮಗಳನ್ನು ಹುಡುಕಿತು. ಮಹತಿ ಸಾಲಿನಲ್ಲಿರಲಿಲ್ಲ. ಬಸುರಿ ಎಂದು ಮೊದಲು ಅವಳಿಗೇ ಕೊಟ್ಟು, ಕಿಟಕಿಯ ಬಳಿ ಕೂರಿಸಿದ್ದರು. ಅವಳ ಕೈ ಬರಿದಾಗಿತ್ತು. ಇಂದುಮತಿ ಜನರನ್ನು ಸರಿಸಿಕೊಂಡು ಹೋಗಿ ಅವಳ ಎರಡೂ ಭುಜ ಹಿಡಿದಳು.

“ಕುಡಿದ್ಯಾ? ನಿಜ ಹೇಳು. ಕುಡಿದ್ಯಾ?”

ಮಹತಿ ಒಂದು ಕ್ಷಣ ಅಮ್ಮನ ಮುಖ ನೋಡಿದಳು. ಕೆಸರಾದ ಕಾಲನ್ನೂ ನೋಡಿದಳು. ಆಮೇಲೆ ಸೆರಗಿನಿಂದ ಅವಳ ಹಣೆಯ ಬೆವರು ಒರೆಸಿ ನಕ್ಕಳು.

“ಇಲ್ಲಮ್ಮ” ಎಂದಳು, ಶುದ್ಧವಾದ ಕನ್ನಡದಲ್ಲಿ. “ನಾನು ಒಂದು ತೊಟ್ಟೂ ಕುಡಿದಿಲ್ಲ.”