ಓರೆಯಾಗಿ ದಾಟುವ ಬಾಗಿಲು

ಶವಪೆಟ್ಟಿಗೆಯ ಮೂಲೆ ಮತ್ತೊಮ್ಮೆ ಕಬ್ಬಿಣದ ಗ್ರಿಲ್ಲಿಗೆ ಬಡಿಯಿತು. ಹೊರಬಾಗಿಲಿಗೆ ಹಾಕಿದ್ದ ಆ ಗ್ರಿಲ್ಲನ್ನು ಮನೆಯ ಯಜಮಾನನೇ ಹಾಗೆ ಹೇಳಿ ಮಾಡಿಸಿದ್ದ: ಒಮ್ಮೆಗೆ ಒಬ್ಬರು, ಅದೂ ಓರೆಯಾಗಿ ಮಾತ್ರ ನುಸುಳುವಂತೆ. ಈಗ ಆತನ ದೇಹ ಒಳಗಿನ ಮಂಚದ ಮೇಲಿತ್ತು. ಖಾಲಿ ಪೆಟ್ಟಿಗೆ ಹೊರಗಿತ್ತು.

“ಅಕ್ಕ, ಭಾವನ್ನ ಬೆಡ್‌ಶೀಟಲ್ಲಿ ಸುತ್ತಿ ಹೊರಗೆ ತಂದುಬಿಡೋಣ,” ಎಂದ ಅವನ ಹೆಂಡತಿಯ ತಮ್ಮ.

“ಬೇಡ. ಇಷ್ಟು ವರ್ಷ ಓರೆಯಾಗೇ ಓಡಾಡಿದ್ರು. ಇವತ್ತೊಂದಿನ ನೆಟ್ಟಗೆ ಹೋಗಲಿ. ವೆಲ್ಡರನ್ನ ಕರಿ.”

“ನಮ್ಮ ಬೀದಿಯವನು ಚುನಾವಣೆ ಪ್ರಚಾರಕ್ಕೆ ಹೋಗಿದ್ದಾನೆ. ಉಳಿದೋನು ಕಾಲುವೆ ಆಚೆಯವನೊಬ್ಬನೇ. ಭಾವ ಇದ್ದಿದ್ರೆ ಅವನನ್ನ ಹೊಸ್ತಿಲ ಹತ್ರ ಬಿಡ್ತಿದ್ರಾ?”

“ಅವರಿದ್ದಿದ್ರೆ ಕರೆಯೋ ಗರಜೇ ಇರ್ತಿರಲಿಲ್ಲ. ಹೋಗಪ್ಪಾ.”

*

ಆ ಯಜಮಾನ ಬಸ್ ನಿಲ್ದಾಣದ ಘೋಷಕನಾಗಿದ್ದ. ಅವನ ಧ್ವನಿ ಕೇಳಿದೊಡನೆ ಬೆಂಚಿನ ಮೇಲಿದ್ದವರು ಚೀಲ ಹಿಡಿದು ಏಳುತ್ತಿದ್ದರು. ಬಸ್ಸು ಕಣ್ಣಿಗೆ ಬೀಳಬೇಕೆಂದೇನೂ ಇರಲಿಲ್ಲ. ಹಿಂದಿನ ಚುನಾವಣೆಯಲ್ಲಿ ಅಭ್ಯರ್ಥಿಯೊಬ್ಬನ ಏಜೆಂಟನಿಗೆ ಬೇಕಾಗಿದ್ದುದು ಅದೇ.

ಧ್ವನಿಮುದ್ರಣದ ಕೋಣೆಯಲ್ಲಿ ಆತ ಮೊದಲು ನೀರು, ರಸ್ತೆಗಳ ಭರವಸೆಯನ್ನು ಓದಿದ. ಏಜೆಂಟ್ ಆಕಳಿಸಿದ.

“ನೀರು ಕೊಡ್ತೀವಿ ಅಂದ್ರೆ ಜನ ಕಿಟಕೀನೂ ತೆಗೆಯಲ್ಲ ಸಾರ್. ಕಾಲುವೆ ಆಚೆಯವರು ಮನೆಗೆ ನುಗ್ತಾರೆ ಅನ್ನಿ. ಬಸ್ ಬರ್ತಿದೆ ಅಂತೀರಲ್ಲ, ಅಷ್ಟೇ ತಣ್ಣಗೆ.”

ಆತ ಓದಿದ.

“ಈಗ ಇದನ್ನೇ ತಿರುಗಿಸಿ, ಈ ಬೀದಿಯವರು ಅವರ ಮನೆಗೆ ನುಗ್ತಾರೆ ಅಂತ ಇನ್ನೊಂದು ಸಲ. ಆ ದಡದಲ್ಲೂ ವೋಟಿದೆ.”

ಅದನ್ನೂ ಓದಿದ.

ಮತದಾನದವರೆಗೂ ಆ ಧ್ವನಿ ಹೊತ್ತ ಪ್ರಚಾರದ ವ್ಯಾನು ಅವನ ಮನೆಯ ಮುಂದೆಯೇ ಸುತ್ತಿತು. ಅದರ ಹಿಂದೆಯೇ ಗ್ರಿಲ್ ಬಂತು.

“ನಿಮ್ಮ ಮಾತಿಗೆ ನೀವೇ ಹೆದರ್ತೀರಾ?” ಹೆಂಡತಿ ನಕ್ಕಿದ್ದಳು.

“ಓದುವಾಗ ಸುಳ್ಳು ಅಂತ ಗೊತ್ತಿತ್ತು ಕಣೇ. ಮೈಕಲ್ಲಿ ಕೇಳಿದಾಗ ನಿಜ ಅನ್ಸುತ್ತೆ.”

*

ವೆಲ್ಡರ್ ಗ್ರಿಲ್ಲಿನ ಕೀಲುಗಳ ಮೇಲೆ ಬೆರಳಾಡಿಸಿದ. “ಯಾರಮ್ಮ ಮಾಡಿದ್ದು? ಇದೂ ಒಂದು ಬೆಸುಗೆನಾ? ಕಳ್ಳ ಬಂದಿದ್ರೆ ಒಂದೇ ಒದೆಗೆ ಬೀಳಿಸ್ತಿದ್ದ.”

“ನಿಮ್ಮ ಕಡೆಯವರು ಬರಬಾರದು ಅಂತ ಹಾಕಿಸಿದ್ದಪ್ಪಾ.”

“ನಮ್ಮನೇಲೂ ಇದೆ, ನಿಮ್ಮವರು ಬರಬಾರದು ಅಂತ. ಆ ಮೈಕಿನೋನು ಎಷ್ಟು ಚೆನ್ನಾಗಿ ಹೇಳ್ತಾನೆ ಅಲ್ವಾ!”

ಆಕೆ ಮಂಚದ ಕಡೆ ಕೈ ತೋರಿಸಿ, “ಆ ಮೈಕಿನೋರು ಇವರೇ,” ಎಂದಳು.

ವೆಲ್ಡರ್ ಒಳಗೆ ಇಣುಕಿ ನೋಡಿದ. ಆಮೇಲೆ ಕತ್ತರಿಸುವ ಯಂತ್ರವನ್ನು ಕೈಗೆತ್ತಿಕೊಂಡ. “ದೂರ ನಿಲ್ಲಿ ಅಮ್ಮಾ, ಕಿಡಿ ಸಿಡಿಯುತ್ತೆ.”

ಗ್ರಿಲ್ ಕಳಚಿತು. ಒಳಗೆ ಹೋದ ಪೆಟ್ಟಿಗೆಗೆ ದೇಹವನ್ನು ಇಳಿಸಿದರು. ಎತ್ತಲು ಒಬ್ಬರು ಕಡಿಮೆಯಿದ್ದರು. ವೆಲ್ಡರ್ ಕೈಗವಸು ತೆಗೆದಿಟ್ಟು ನಾಲ್ಕನೆಯ ಮೂಲೆ ಹಿಡಿದ. ಪೆಟ್ಟಿಗೆ ನೆಟ್ಟಗೆ ಹೊಸ್ತಿಲು ದಾಟಿತು.

ಅಷ್ಟರಲ್ಲಿ ಬೀದಿಯ ತಿರುವಿನಲ್ಲಿ ಈ ಬಾರಿಯ ಚುನಾವಣೆಯ ವ್ಯಾನು ಕಾಣಿಸಿತು. ಧ್ವನಿ ಮಾತ್ರ ಹಳೆಯದೇ, ತಣ್ಣನೆಯದೇ: “ಕಾಲುವೆ ಆಚೆಯವರು ಬರುತ್ತಿದ್ದಾರೆ. ದಯವಿಟ್ಟು ನಿಮ್ಮ ಬಾಗಿಲುಗಳನ್ನು ಭದ್ರಪಡಿಸಿಕೊಳ್ಳಿ.”

ತಮ್ಮ ತಮ್ಮ ಮನೆಯ ಮೆಟ್ಟಿಲುಗಳ ಮೇಲೆ ತಲೆತಗ್ಗಿಸಿ ನಿಂತಿದ್ದ ನೆರೆಯವರು ಒಬ್ಬೊಬ್ಬರಾಗಿ ಒಳಸರಿದರು. ಚಿಲಕಗಳ ಸದ್ದು ಬೀದಿಯ ಕೊನೆಯವರೆಗೂ ಸಾಗಿತು. ತೆರೆದುಕೊಂಡಿದ್ದುದು ಒಂದೇ ಬಾಗಿಲು. ಅದರ ಚೌಕಟ್ಟಿನಲ್ಲಿ ಕತ್ತರಿಸಿದ ಕಬ್ಬಿಣದ ತುದಿಗಳು ಇನ್ನೂ ಬಿಸಿಯಾಗಿದ್ದವು.